ಹದಿನಾಲ್ಕು ಕಡ್ಡಿ

ಫೆಬ್ರುವರಿ. ಪಾರ್ಕಿನ ಗೇಟಿಗೆ ಸರಪಳಿ.
ಈರಿ ಸರೋವರದ ಗಾಳಿಗೆ
ಟಿಕೆಟ್ ಗೂಡಿನ ಕಿಟಕಿ ಪಟಪಟ ಬಡಿದುಕೊಳ್ಳುತ್ತದೆ.
ಬೇಲಿಯ ಈಚೆ ನಾವು ನಾಲ್ವರು,
ದುರ್ಬೀನು ಒಂದೇ, ಸರದಿಯ ಮೇಲೆ.

"ಕಡ್ಡಿ ನೆಟ್ಟಿದ್ದಾರೆ," ಅಂದ ವೆಂಡೆಲ್ ಹ್ರಬಾಕ್,
ಮಾತಿಗಿಂತ ಮೊದಲು ಬಾಯಿಂದ ಹಬೆ.
"ಕಿತ್ತಳೆ ರಿಬ್ಬನ್ ಕಟ್ಟಿದ್ದು. ಹದಿನಾಲ್ಕು.
ಶನಿವಾರ ಇರಲಿಲ್ಲ."

ಹದಿನಾಲ್ಕು!
ರಸ್ತೆ ದಾಟಿ ಡೈನರಿನ ಮೂಲೆ ಮೇಜಿಗೆ ಬರುವಷ್ಟರಲ್ಲಿ
ಅದು ಇನ್ನೂರು ಅಡಿ ಬೆಳೆದಿತ್ತು.
ಕಾಫಿ ಬರುವಷ್ಟರಲ್ಲಿ ಎರಡು ಸಲ ತಲೆಕೆಳಗಾಗಿತ್ತು.
ಆರ್ಡಿಸ್ ಕಾಗದದ ಕರವಸ್ತ್ರದ ಮೇಲೆ ಗೀಚಿದಳು:
ಇಲ್ಲಿ ಸುರಂಗ,
ಇಲ್ಲಿ ನೀರನ್ನು ಸವರಿಕೊಂಡು ಒಂದು ತಿರುವು,
ಇಲ್ಲಿ, ಸಾಸಿವೆ ಚೆಲ್ಲಿದೆಯಲ್ಲ, ಇಲ್ಲಿ ನಿಲ್ದಾಣ.
ಕೋಲ್ಬಿಗೆ ಹತ್ತೊಂಬತ್ತು. ಇನ್ನೂ ಕಟ್ಟದ ರೈಡಿನಲ್ಲಿ
ಆಗಲೇ ಎರಡೂ ಕೈ ಮೇಲೆತ್ತಿದ್ದ.
"ದುಡ್ಡೆಲ್ಲಿದೆ ಇವರಿಗೆ?" ಅಂದೆ ನಾನು.
"ಕಕ್ಕಸಿನ ನಲ್ಲಿ ಮೂರು ವರ್ಷದಿಂದ ಸೋರುತ್ತಿದೆ."
ಯಾರೂ ಕೇಳಿಸಿಕೊಳ್ಳಲಿಲ್ಲ.

ಕಡ್ಡಿಯನ್ನು ಗುಡ್ಡ ಮಾಡುವುದು ಅಂದರೆ ಇದೇ.
ಗೊತ್ತು. ಆದರೆ ಗುಡ್ಡವೇ ಇಲ್ಲದೆ
ಈ ಚಪ್ಪಟೆ ಚಳಿಗಾಲ ಕಳೆಯುವುದಾದರೂ ಹೇಗೆ?

ಮಾತು ಕೊನೆಗೆ ಮರ್ಟಲ್‌ಗೇ ಬಂದು ನಿಲ್ಲುತ್ತದೆ.
ಎಂಬತ್ತಾರು ವರ್ಷದ ಮರದ ಮುದುಕಿ.
ಬಿಳಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ,
ಮೂರನೇ ಇಳಿಜಾರಿನಲ್ಲಿ ಸೊಂಟಕ್ಕೆ ಗುದ್ದುತ್ತಾಳೆ,
ಅದಕ್ಕೂ ಮುಂಚೆ, ತುತ್ತತುದಿಯಲ್ಲಿ,
ಜೀವ ಬಾಯಿಗೆ ಬರುವ ಆ ಎರಡು ಸೆಕೆಂಡು
ನಮ್ಮನ್ನು ಯಾವ ಕುರ್ಚಿಗೂ ಸೇರದವರನ್ನಾಗಿ ಮಾಡುತ್ತಾಳೆ.
"ಉಕ್ಕಿನ ಹಳಿ ಹಾಕಿಸಲಿ," ಅಂದ ಕೋಲ್ಬಿ,
"ಬೆಣ್ಣೆಯ ಹಾಗೆ ಜಾರುತ್ತಾಳೆ."
ಆರ್ಡಿಸ್ ಚಮಚ ಕೆಳಗಿಟ್ಟಳು.
"ಬೆಣ್ಣೆ ಬೇಕಿದ್ದರೆ ಟೋಸ್ಟ್ ತಿನ್ನು."

ಪಕ್ಕದ ಮೇಜಿನಿಂದ ಒಂದು ನಗು.
ಡೊಂಬೆಕ್. ಬಡಗಿ. ಮೂವತ್ತೊಂದು ವರ್ಷ
ಮುಂಜಾನೆ ಐದಕ್ಕೆ, ಸುತ್ತಿಗೆ ಹಿಡಿದು,
ಅವಳ ಬೆನ್ನಿನ ಉದ್ದಕ್ಕೂ ನಡೆದವನು.
"ಬೋಲ್ಟಿಗೆ ತಟ್ಟಿದರೆ ಟಣ್ ಅನ್ನಬೇಕು," ಅಂದ.
"ಠಪ್ ಅಂದರೆ ಒಳಗೆ ಕೊಳೆತಿದೆ.
ಬಣ್ಣ ಸುಳ್ಳು ಹೇಳುತ್ತೆ."
(ಹಲ್ಲನ್ನು ನಾನೂ ಹಾಗೆಯೇ ತಟ್ಟಿ ನೋಡುತ್ತೇನೆ;
ಕ್ಲಿನಿಕ್ಕಿಗೆ ಇವತ್ತು ಜ್ವರ ಅಂತ ಹೇಳಿದ್ದೆ.)

"ನೀವು ಕೂತಿದ್ದೀರಾ ಅವಳಲ್ಲಿ?"
"ಒಂದೇ ಸಲ. ಮದುವೆಯ ಮಾರನೇ ದಿನ.
ಎಲ್ಲರೂ ಕಿರುಚಿದರು, ಹೆಂಡತಿಯೂ.
ನನಗೆ ಬೋಲ್ಟುಗಳು ಮಾತ್ರ ಕೇಳಿಸುತ್ತಿದ್ದವು.
ಇಳಿದ ಮೇಲೆ, ನಲವತ್ತೇಳನೇ ಕಂಬಕ್ಕೆ ಹೋಗಬೇಕು
ಅಂದೆ. ಅವಳು ಇನ್ನೂ ಮರೆತಿಲ್ಲ."

ವೆಂಡೆಲ್ ದನಿ ತಗ್ಗಿಸಿ ಕೇಳಿದ:
"ಆ ಹದಿನಾಲ್ಕು ಕಡ್ಡಿ?"
"ನನ್ನ ಅಳಿಯ ನೆಟ್ಟಿದ್ದು. ಹೊಸ ಕಕ್ಕಸಿಗೆ."

ಮೇಜಿನ ಮೇಲೆ ಇನ್ನೂರು ಅಡಿ
ಸದ್ದಿಲ್ಲದೆ ಕುಸಿಯಿತು.
ಪರಿಚಾರಿಕೆ ಬಂದು ಎಲ್ಲ ಕಪ್ಪು ತುಂಬಿ ಹೋದಳು.
ಕೋಲ್ಬಿ ಸಕ್ಕರೆಯ ಪೊಟ್ಟಣ ಹರಿಯುತ್ತಾ ಕೂತ.
ಆಮೇಲೆ ಆರ್ಡಿಸ್, ಕರವಸ್ತ್ರ ಮಗುಚಿ, ಮೆಲ್ಲಗೆ:
"ಅಷ್ಟು ದೊಡ್ಡ ಕಕ್ಕಸು ಯಾಕೆ?
ಜನ ಜಾಸ್ತಿ ಬರುತ್ತಾರೆ ಅಂತ ತಾನೇ?
ಜನ ಸುಮ್ಮನೆ ಬರುತ್ತಾರಾ?"
ವೆಂಡೆಲ್ ಆಗಲೇ ಕೋಟಿಗೆ ಕೈ ತೂರಿಸುತ್ತಿದ್ದ.

ಮತ್ತೆ ಬೇಲಿ. ಈ ಸಲ ಐವರು.
ಡೊಂಬೆಕ್ ದುರ್ಬೀನು ಇಸಿದುಕೊಂಡ.
ಕಡ್ಡಿಗಳ ಕಡೆ ನೋಡಲೇ ಇಲ್ಲ.
ಮರ್ಟಲ್‌ಳ ಮೂರನೇ ಇಳಿಜಾರು, ಕೆಳಗಿಂದ ಮೇಲಕ್ಕೆ,
ಒಂದೊಂದೇ ಹಲಗೆ. ಬೂದು, ಬೂದು, ಬೂದು,
ಎಲ್ಲೋ ನಡುವೆ ಹಸಿ ಪೈನಿನ ಹಳದಿ.
ತುಟಿ ಅಲ್ಲಾಡುತ್ತಿತ್ತು.
"ಆರು," ಅಂದ.
"ಯಾವ ಆರು?" ಕೋಲ್ಬಿ ಕೇಳಿದ.
ಮುದುಕ ಕಣ್ಣೊರೆಸಿಕೊಂಡ. ಗಾಳಿಗೆ ಇರಬೇಕು.
ವೆಂಡೆಲ್ ಪುಸ್ತಕ ತೆಗೆದು, ಗ್ಲೌಸು ಕಚ್ಚಿ ಎಳೆದು,
ಬರೆದುಕೊಂಡ: ಆರು.