ಹನ್ನೊಂದು ಕ್ಲಿಪ್ಪು

ಕೊಕೊಮೊದಲ್ಲಿ, ಮುಚ್ಚಿಹೋದ ಟೈರಂಗಡಿಯ ಮುಂದೆ
ಶನಿವಾರ ಬೆಳಗ್ಗೆ ಬಾನೆಟ್ಟುಗಳು ಬಾಯಿ ಕಳೆದು ನಿಲ್ಲುತ್ತವೆ
ಹಲ್ಲಿನ ಡಾಕ್ಟರ ಎದುರಿನ ಸಾಲಿನಂತೆ.
ಬಗ್ಗಿ ನೋಡುವವರೆಲ್ಲ ಡಾಕ್ಟರೇ.
ಜಗಳ ಎಷ್ಟಾದರೂ ಆಗಲಿ;
ಕಾಫಿ ಲೋಟ ಫೆಂಡರಿನ ಮೇಲಿಟ್ಟರೆ ಮಾತ್ರ
ಗೆಳೆತನ ಮುರಿಯುತ್ತದೆ.

ಐವತ್ತಾರರ ಶೆವ್ರೊಲೆಗೆ ಪೆಟ್ರೋಲು ಎಲ್ಲಿ ಹೊಯ್ಯುವುದು?
ಬಂಕಿನ ಹೊಸ ಹುಡುಗ ಮೂರು ಸುತ್ತು ಬಂದ,
ಅಡ್ಡಬೀಳುವುದೊಂದು ಬಾಕಿ.
ಡೆಲ್ಬರ್ಟ್ ಎಡಗಡೆಯ ಹಿಂದೀಪವನ್ನು
ಕಿವಿ ಹಿಂಡಿದ ಹಾಗೆ ಹಿಂಡಿ ಹೊರಕ್ಕೆ ಬಾಗಿಸಿದ:
"ಇಗೋ, ಇವಳು ಕುಡಿಯುವುದು ಕದ್ದುಮುಚ್ಚಿ."

ಕ್ಲೋವಿಸನ ಫೋರ್ಡಿನಲ್ಲಿ
ಇಂಜಿನ್ನಿನ ಉಸಿರು ಎಳೆದುಕೊಂಡು ಬದುಕುವ ವೈಪರು.
ಏರಿನಲ್ಲಿ ತುಳಿದರೆ ಅರ್ಧದಲ್ಲೇ ನಿಲ್ಲುತ್ತದೆ,
ಇಳಿಜಾರಿನಲ್ಲಿ ಮೈಮೇಲೆ ಬಂದಂತೆ ಬಡಿಯುತ್ತದೆ.
"ಏರು ಹತ್ತುವಾಗ ಮುಂದಿನದು
ಯಾರಿಗೆ ತಾನೆ ಕಂಡಿದೆ" ಎನ್ನುತ್ತಾನೆ ಕ್ಲೋವಿಸ್,
ಗಾಜು ಒರೆಸುತ್ತ, ಅಂಗಿಯ ತೋಳಿನಲ್ಲಿ.

ಹತ್ತೊಂಬತ್ತರಲ್ಲಿ ನಾನು
ವರ್ಲಿನ್‌ನ ಐವತ್ತೆರಡರ ಪ್ಲಿಮತ್ತಿನ
ಎಡಚಕ್ರದ ಬೋಲ್ಟು ಬಿಚ್ಚಲು ಹೋಗಿ
ಎರಡನ್ನು ಮುರಿದೆ. ಮೂರನೆಯದಕ್ಕೆ
ಪಾನಾ ಹಾಕಿ ಮೇಲೆ ಹತ್ತಿ ನಿಂತಿದ್ದೆ.
ಅವನು ಬಂದು, ತಲೆಯ ಗ್ರೀಸು ಉಗುರಿನಿಂದ ಕೆರೆದು
ಎಳ್ಳಿನಷ್ಟು ಅಕ್ಷರ ತೋರಿಸಿದ.
"ಈ ಕಡೆಯವರು ಎಡಚರು, ಮಗನೆ.
ಬಿಗಿಮಾಡಲು ಹೋಗು, ಬಿಡುತ್ತಾರೆ."
ಬೈಯಲಿಲ್ಲ. ಮುರಿದ ತುಂಡೆರಡನ್ನೂ
ನನ್ನ ಜೇಬಿಗೆ ಹಾಕಿದ.
ಇನ್ನೂ ಇವೆ. ಅಲ್ಲ, ಒಂದಿದೆ.

ನಾನು ಹೇಳಹೊರಟದ್ದು ಕ್ಲಿಪ್ಪಿನ ವಿಷಯ.

ಬಿಸಿಲು ಬಲಿತ ದಿನ
ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತದೆ;
ಗಾಡಿ ಕೆಮ್ಮಿ, ನಡುರಸ್ತೆಯಲ್ಲಿ ಕೂರುತ್ತದೆ.
ಅದಕ್ಕೆ ಹಳಬರ ಮದ್ದು: ಬಟ್ಟೆ ಒಣಹಾಕುವ ಮರದ ಕ್ಲಿಪ್ಪು,
ಪೈಪಿನ ಉದ್ದಕ್ಕೂ ಕಚ್ಚಿಸುವುದು.
ಮರ ಬಿಸಿ ಹೀರುತ್ತದೆ ಎಂದು ಅರ್ಧ ಜನ,
ಹೀರುವುದು ನಿನ್ನ ಬುದ್ಧಿಯನ್ನು ಎಂದು ಇನ್ನರ್ಧ.
ವರ್ಲಿನ್‌ನ ಲೆಕ್ಕ ಹನ್ನೊಂದು. ಹತ್ತಾಗದು, ಹನ್ನೆರಡೂ ಆಗದು.

ಅವನು ಹೋದ ಮೇಲೆ ಆರ್ಡಿತ್ ಬಾಯಿ ಬಿಟ್ಟಳು,
ಡೋನಟ್ಟನ್ನು ಅವನ ಚಾಕುವಿನಿಂದಲೇ ನಾಲ್ಕು ಮಾಡುತ್ತ:
"ಎಪ್ಪತ್ತೊಂದರ ಬೇಸಿಗೆ. ಹೊದಿಕೆ ಒಣಹಾಕಲು ಕ್ಲಿಪ್ಪು ಸಾಲಲಿಲ್ಲ.
ಎಲ್ಲ ಕಿತ್ತುಕೊಂಡೆ. ಅವನು ಮನ್ಸಿಗೆ ಹೋಗಿ ಬಂದ,
ಪೆರುವಿಗೆ ಹೋಗಿ ಬಂದ.
ನೋಡಿದೆಯಾ, ಒಂದು ಕೆಮ್ಮಿಲ್ಲ,
ಎಲ್ಲ ಕ್ಲಿಪ್ಪಿನ ಮಹಿಮೆ ಎಂದ.
ಚಳಿ ಶುರುವಾದಾಗ ಸುಮ್ಮನೆ ತಿರುಗಿ ಹಾಕಿಟ್ಟೆ."

ಅಂದು ಯಾರೂ ವಾದಿಸಲಿಲ್ಲ.
ಕ್ಲೋವಿಸ್ ತನ್ನ ಬಾನೆಟ್ಟು ಮೆಲ್ಲಗೆ ಮುಚ್ಚಿದ.

ಈ ಆಗಸ್ಟಿನಲ್ಲಿ ಪಂಪು ಬಿಚ್ಚಿ ಕಟ್ಟಿದವನು ನಾನು.
ಕ್ಲಿಪ್ಪುಗಳನ್ನು ಕಸಕ್ಕೆ ಹಾಕಿದವನೂ ನಾನೇ.
ಸ್ಮಶಾನಕ್ಕೆ ಹೂ ಹಿಡಿದು ಹೊರಟೆವು;
ವೈಲ್ಡ್‌ಕ್ಯಾಟ್ ಹಳ್ಳದ ಸೇತುವೆಯ ಮೇಲೆ
ಪ್ಲಿಮತ್ತು ಕೆಮ್ಮಿತು, ಕೂತಿತು.

ಆರ್ಡಿತ್ ನನ್ನ ಮುಖ ನೋಡಲಿಲ್ಲ.
ಹಳ್ಳದ ದಡದ ಮನೆಗೆ ಇಳಿದು ಹೋಗಿ
ಯಾರದೋ ತಂತಿಯಿಂದ ಬೇಡಿ ತಂದಳು:
ಮರದವು ಒಂಬತ್ತು, ಹಸಿರು ಪ್ಲಾಸ್ಟಿಕ್ಕಿನವು ಎರಡು.
ಒಂದೊಂದಾಗಿ ಕಚ್ಚಿಸಿದಳು, ಎಣಿಸುತ್ತ.
ಆಮೇಲೆ ತಂತಿ ಬೇಲಿಗೆ ಒರಗಿ
ನೀರು ನೋಡುತ್ತ ನಿಂತೆವು. ಅರ್ಧ ಗಂಟೆ. ಹೂ ಬಾಡುತ್ತಿತ್ತು.

ಕೀಲಿ ತಿರುಗಿಸಿದಳು. ಹೊತ್ತಿಕೊಂಡಿತು.

ಮರವೋ, ಅರ್ಧ ಗಂಟೆಯೋ,
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.
ಗೋರಿ ಮುಟ್ಟುವಷ್ಟರಲ್ಲಿ ಪ್ಲಾಸ್ಟಿಕ್ಕಿನವೆರಡೂ ಕರಗಿ
ಇಂಜಿನ್ನಿನ ಮೇಲೆ ಹಸಿರು ಹನಿಯಾಗಿ ಗಟ್ಟಿಯಾಗಿದ್ದವು.
ಕೆರೆಯಬೇಡ ಎಂದಿದ್ದಾಳೆ.

ಶನಿವಾರ ಡೆಲ್ಬರ್ಟ್ ಅದನ್ನು ಬಗ್ಗಿ ನೋಡಿ,
ಕನ್ನಡಕ ಏರಿಸಿ ಮತ್ತೆ ನೋಡಿ,
"ಒಂಬತ್ತೇ ಸಾಕಾಯಿತಲ್ಲ" ಎಂದ.