ಮೂರು ಪಾಲು, ಒಂದು ಪಾಲು

ಫ್ರೀಸ್‌ಲ್ಯಾಂಡಿನ ಕಾಲುವೆಯೊಂದಕ್ಕೆ ಎರಡು ಕದ.
ಕಾಯುವವನು ಯೆಲ್ಲೆ ವೀರ್ಸ್ಮಾ.
ಕನ್ನಡದ ಕಿವಿಗೆ ಗಡಿಯೆಂದೇ ಕೇಳುವ ಹೆಸರು;
ಅವನಿಗದು ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಅವನ ದೂರು ಇಷ್ಟೇ:
ನೀರಿನ ಮಟ್ಟ ತೋರುವ ಹಳೇ ಕಂಪ್ಯೂಟರು
ಹತ್ತು ದಿನಕ್ಕೊಮ್ಮೆ ಸಾಯುತ್ತದೆ,
ಅದೂ ಹೊಟ್ಟೆ ತುಂಬ ಮೆಮೊರಿ ಇಟ್ಟುಕೊಂಡು.
"ಹೋದ ತಿಂಗಳು ತಾನೇ ಇನ್ನಷ್ಟು ಹಾಕಿಸಿದೆ.
ಹಾಕಿಸಿದ ಮೇಲೆ ಇನ್ನೂ ಬೇಗ ಸಾಯ್ತಿದೆ."

ಎದುರುಗಾಳಿಯಲ್ಲಿ ಸೈಕಲ್ ತುಳಿದು ಬಂದ ಸೀಟ್ಸ್ಕೆ
ಕನ್ನಡಕ ಒರೆಸಿ ಕೂತಳು ಕಪ್ಪು ಪರದೆಯೆದುರು.

ನಾಲ್ಕು ಗಿಗಾಬೈಟ್ ವಿಳಾಸ, ಅಷ್ಟೇ ಅದರ ಲೋಕ.
ವಿಳಾಸವೆಂದರೆ ಮನೆಯಲ್ಲ, ಬರೀ ಬಾಗಿಲ ನಂಬರು;
ಹಿಂದೆ ಮನೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.
ಮೂರು ಪಾಲು ಪ್ರೋಗ್ರಾಮುಗಳಿಗೆ,
ಮೇಲ್ತುದಿಯ ಒಂದು ಪಾಲು ಕರ್ನೆಲ್ಲಿಗೆ,
ಯಾರೋ ಎಂದೋ ಹಾಕಿದ ಬದು.
ಇಡೀ ಮನೆಯ ಲೆಕ್ಕದ ಪುಸ್ತಕ ಇಡಬೇಕಾದ್ದು
ಆ ಒಂದರೊಳಗೇ.
ಹೊಸ ಮೆಮೊರಿ ಬಂದಷ್ಟೂ ಹೊಸ ಚೀಟಿ,
ಚೀಟಿಯ ಮೇಲೆ ಚೀಟಿ.
ಆಚೆ ಮೂರಂಕಣ ಖಾಲಿ, ಗಾಳಿಯಾಡುತ್ತಿದೆ.
ಈಚೆ ಲೆಕ್ಕ ಬರೆಯುವವನೇ
ಉಸಿರುಗಟ್ಟಿ ಬಿದ್ದಿದ್ದಾನೆ.

ಸಿ ಇದ್ದಲ್ಲಿ ಎಂಟು ಎಂದು ಬರೆದಳು.
ಅದರ ಬೆನ್ನಿಗಿದ್ದ ಏಳು ಸೊನ್ನೆ ಅಲುಗಲಿಲ್ಲ.
ಈಗ ಎರಡು, ಎರಡು.
ಕಂಪೈಲ್ ಆಗುವಷ್ಟರಲ್ಲಿ
ಎರಡು ಸಲ ಕಾಫಿ, ಒಂದು ಸಲ ಆಲಿಕಲ್ಲು.

"ಏನು ಮಾಡಿದೆ?"
"ಏರಿಯನ್ನು ತುಸು ಆಚೆ ಸರಿಸಿದೆ."
ಯೆಲ್ಲೆ ನಕ್ಕ. "ನಮ್ಮ ಕಡೆ ಅದಕ್ಕೆ ನಲವತ್ತು ವರ್ಷ,
ಮೂರು ಊರಿನ ಜಗಳ, ಒಂದು ಚರ್ಚಿನ ಗೋಡೆ."
ಆಮೇಲೆ ಕೇಳಿದ:
"ಆಚೆಯವರು ಈಚೆ ಬಂದರೆ?"
"ಇಣುಕಿದರೂ ಅಲ್ಲೇ ಮುಗಿಯಿತು."
"ಈಚೆಯವರು ಆಚೆ?"
ಸೀಟ್ಸ್ಕೆ ತುಸು ತಡೆದಳು.
"ಕರ್ನೆಲ್ಲಿಗೆ ಎಲ್ಲ ಕಾಣುತ್ತದೆ.
ಕೇಳಿದಷ್ಟನ್ನು ನಕಲು ಮಾಡಿಕೊಳ್ಳಬೇಕು,
ಮಿಕ್ಕದ್ದನ್ನು ನೋಡಬಾರದು.
ಅದನ್ನೂ ಈಗ ಚಿಪ್ಪಿನಲ್ಲೇ ಕೆತ್ತುತ್ತಾರೆ,
ಈ ಹಳೆಯದರಲ್ಲಿ ಇಲ್ಲ."

ಸಂಜೆ ದೋಣಿಯೊಂದು ಒಳಬಂತು. ಕದ ಮುಚ್ಚಿತು.
ಪರದೆ ಎಳೆಯದ ಕಿಟಕಿ, ಒಳಗೆ ದೀಪ;
ಮುದುಕನೊಬ್ಬ ಸ್ಟೂಲಿನ ಮೇಲೆ ಕಾಲಿಟ್ಟು
ಉಗುರು ಕತ್ತರಿಸಿಕೊಳ್ಳುತ್ತಿದ್ದ,
ಪಕ್ಕದಲ್ಲಿ ಯಾರೋ ಅಳುತ್ತಿದ್ದರು.

ಮೇಲಿನ ಗೂಡಿನಿಂದ ಎಲ್ಲ ನೇರ ಕಾಣುವ ಜಾಗ.
ಯೆಲ್ಲೆ ಅಳತೆಗೋಲು ನೋಡಿದ,
ಮಟ್ಟ ಬರೆದುಕೊಂಡ,
ನೀರು ಬಿಟ್ಟ.