ರೊಡ್ಡಗೈಯಾಕಿ

ಕಾರ್ಪೊರೇಶನ್ ಒಂದಽ, ಊರು ಎರಡು.
ನಳ ಅಲ್ಲೂ ವಾರಕ್ಕೊಮ್ಮೆ, ಇಲ್ಲೂ ವಾರಕ್ಕೊಮ್ಮೆ,
ಆದ್ರ ನಿಮ್ಮ ನೀರು ಸಿಹಿ ಅಂತ
ನೀವಽ ಹೇಳಿಕೋತ ಬಂದೀರಿ, ಪ್ರಫುಲ್ಲಾ.
ನಾವು ಧೂಳಿನ ಮಂದಿ, ಅಂಗಡಿ ಮಂದಿ,
ನೀವು ಬಗಲಾಗ ಪುಸ್ತಕ ಹಿಡಕೊಂಡು ಹುಟ್ಟಿದವರು.

ಇದು ನನ್ನ ಮಾತಲ್ಲ.
ನಿಮ್ಮ ಕಾಲೇಜಿನ ಕಟ್ಟಿ ಮ್ಯಾಲ ಕುಂತ ಹುಡುಗ್ಯಾರು
ನಾ ಫ್ರೀ ಥ್ರೋಕ್ಕ ನಿಂತಾಗ
ಚಪ್ಪಾಳಿ ತಟ್ಟಿ ಕೂಗಿದ್ದು:
"ಗಿರಮಿಟ್ಟು! ಗಿರಮಿಟ್ಟು!"
ಒಂದು ಚೆಂಡು ರಿಂಗಿಗೆ ಬಡದು ಹೊರಗ ಬಿತ್ತು.
ಇನ್ನೊಂದು ಬೋರ್ಡಿಗೂ ತಾಗಲಿಲ್ಲ.
ಮುಂದ ಒಂದು ವರ್ಷ
ನಮ್ಮವ್ವ ಚುರಮುರಿ ಹಚ್ಚಿದ್ರ ನಾ ಮುಟ್ಟಲಿಲ್ಲ.
ಯಾಕಂತ ಆಕಿ ಕೇಳಲೂ ಇಲ್ಲ.

ಮರುವರ್ಷ ನಮ್ಮ ಅಂಗಳ.
ಸಿಮೆಂಟ್ ಸೀಳಿ ಹುಲ್ಲು ಎದ್ದ ಕೋರ್ಟು.
ಗದಗ ರೋಡಿನ ಕಡೆ ರಿಂಗು ಎರಡು ಬೆರಳು ಇಳದಿತ್ತು,
ಹಾಲಿನ ವ್ಯಾನು ಹಿಂದಕ್ಕ ಬಂದು ಗುದ್ದಿದ್ದು.
ನಮಗ ಗೊತ್ತಿತ್ತು. ನಿಮಗ ಹೇಳಲಿಲ್ಲ.
ಎರಡನೇ ಅರ್ಧ ಆ ರಿಂಗು ನಿಮ್ಮ ಪಾಲಿಗೆ ಬಂತು,
ಒಗದದ್ದೆಲ್ಲಾ ದಾಟಿ ದಾಟಿ ಬಿತ್ತು.
ಆಮ್ಯಾಲ ನೀ ಒಂದು ಗಳಿಗಿ ನಿಂತಿ.
ಮ್ಯಾಲ ನೋಡಿದಿ.
ನನ್ನ ನೋಡಿದಿ.
ನಕ್ಕಿ.
ಮೊಣಕಾಲು ಒಂಚೂರು ಕಡಿಮಿ ಬಗ್ಗಿಸಿ
ರೊಡ್ಡಗೈಲೆ ಸಾಲಾಗಿ ನಾಕು ಹಾಕಿದಿ.

ಗೆದ್ದದ್ದು ನಾವಽ, ಒಂದು ಪಾಯಿಂಟಿಗೆ.
ಹೂಗಾರ ಸರ್ ಪಾಟಿ ಮ್ಯಾಲ
ಬಳಪ ಮುರಿಯೂಹಂಗ ಒತ್ತಿ ಬರದ್ರು.
ನಾ ಅದನ್ನ ನೋಡಲಿಲ್ಲ. ನಿನ್ನ ಮೊಣಕೈ, ನನ್ನ ಗದ್ದ,
ಮೂರು ಹೊಲಿಗಿ.
ವರ್ಕ್‌ಶಾಪಿನಿಂದ ಓಡಿ ಬಂದ ಅಪ್ಪ, ಕೈಯಾಗ ಇನ್ನೂ ಗ್ರೀಸು,
"ಯಾರ ಮಗಳಕಿ?" ಅಂತ ಕೇಳಿದ.
"ಧಾರವಾಡದಾಕಿ" ಅಂದೆ.
ಅಷ್ಟಕ್ಕ ಎಲ್ಲಾ ತಿಳದವನಂಗ ಸುಮ್ಮನಾದ.

ಆಮ್ಯಾಲ ಯುನಿವರ್ಸಿಟಿ ಪಟ್ಟಿ ಹಚ್ಚಿದ್ರು:
ಏಳು, ಮೊರಬದ ಪ್ರಫುಲ್ಲಾ.
ಎಂಟು, ನದಾಫ ಮುನೀರಾ.
ಕ್ಯಾಂಪು ನಿಮ್ಮೂರಾಗ. ದಿನಾ ಚಿಗರಿ ಬಸ್ಸು,
ನವನಗರ ದಾಟಿದ ಕೂಡಲೆ ಹೊಟ್ಟಿ ಬಿಗೀತಿತ್ತು.
"ಆಕಿಗೆ ಕೊಡು, ಆಕಿಗೆ ಕೊಡು" ಅಂತ
ಸೀಟಿ ಊದಿ ಊದಿ ದಣಿದ್ರು.
ಕೈ ಕೇಳಲಿಲ್ಲ.
ಎಂಟು ದಿನದಾಗ ನಿನಗ ನಾ ಅಂದದ್ದು ಒಂದಽ ಮಾತು:
"ಜಗ್ಗು ಎಲ್ಲೈತಿ?"

ಮೈಸೂರು. ಊಟದ ಸಾಲು.
ಸಾರಿನ ಬಕೀಟು ಹಿಡದ ಹುಡುಗಿ ಕೇಳಿದ್ಲು,
"ನೀವೆಲ್ಲ ಹುಬ್ಬಳ್ಳಿ ಕಡೆಯೋರಾ?"
ನೀ ತಾಟು ಸರಿಸಿ ಅಂದಿ,
"ನಾ ಧಾರವಾಡ. ಈಕಿ ಹುಬ್ಬಳ್ಳಿ."
"ಎರಡೂ ಒಂದೇ ಅಲ್ವಾ?"
ಆವಾಗ ನಾವಿಬ್ಬರೂ
ಮೊದಲನೇ ಸಲ
ಒಂದಽ ಬಾಯಿಲೆ:
"ಅಲ್ಲ!"
ಸಾರು ಚೆಲ್ಲಿತು.

ಮರುದಿನ ಮ್ಯಾಚು.
ಮೂರು ವರ್ಷ ನಿನ್ನ ತಡದಾಕಿ ನಾ.
ಬಲಗಾಲಿನ ಹಿಮ್ಮಡ ಎದ್ದಿತಂದ್ರ ನೀ ಎಡಕ್ಕ ಹೊಳ್ಳತಿ,
ನಿಮ್ಮ ಕಾಲೇಜಿನವರಿಗೂ ಗೊತ್ತಿರಲಿಕ್ಕಿಲ್ಲ ಇದು,
ನಿನ್ನ ಹೆತ್ತಾಕಿಗೂ.
ಹಿಮ್ಮಡ ಎದ್ದಿತು.
ನೋಡದಽ ಒಗದೆ.
ಯಾರೂ ಇರದಿದ್ದ ಜಾಗಕ್ಕ ಚೆಂಡು ಹೋತು,
ಹೋಗೂದ್ರಾಗ ಅಲ್ಲಿ ನಿನ್ನ ರೊಡ್ಡಗೈ ಇತ್ತು.

ಹತ್ತೊಂಬತ್ತು ಪಾಯಿಂಟಿಗೆ ಸೋತ್ವಿ, ಅದು ಬ್ಯಾರೆ ಮಾತು.

ನಸುಕಿನ್ಯಾಗ ಹುಬ್ಬಳ್ಳಿ ಬಂತು.
ನಾ ಇಳದೆ. ನಿನಗ ಇನ್ನೂ ಇಪ್ಪತ್ತು ಕಿಲೋಮೀಟರ್.
ಗಾಡಿ ಅಲುಗಾಡೂ ಹೊತ್ತಿಗೆ
ಕಿಟಕಿ ಸರಳಿನಾಗ ಮಾರಿ ಇಟ್ಟು ಅಂದಿ:
"ಮುನೀರಾ, ಪಾಸ್ ಒಗಿಯೂಕಿಂತ ಮೊದಲ
ನೀ ಕೆಳತುಟಿ ಕಚ್ಚತಿ. ಗೊತ್ತೈತೇನು?"

ಮುಂದಿನ ತಿಂಗಳು ಝೋನಲ್. ನಿಮ್ಮ ಅಂಗಳ.
ದಿನಾ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಚೆಂಡು ಹಿಡಕೊಂಡು ಕನ್ನಡಿ ಮುಂದ ನಿಲ್ಲತೇನಿ.
ಗದ್ದದ ಹೊಲಿಗಿ ಕಾಣತೈತಿ.
ತುಟಿ ಸುಮ್ಮನ ಇರವಲ್ದು.